ಗುಣವಾಗಿಲ್ಲ, ಸ್ತೋತ್ರ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸ ಹೋದೆವು ಅನ್ನಬೇಡಿ: ನಾನು ಗುಣವಾಗಿಲ್ಲ. ಈ ಬರಹದ ಕೊನೆಯಲ್ಲೂ ಗುಣವಾಗುವುದಿಲ್ಲ. ನನ್ನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಮೂರು ವರ್ಷವಾಗುತ್ತಾ ಬಂತು. ಮಂಗಳವಾರ, ಗುರುವಾರ, ಶನಿವಾರ ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಯಶವಂತಪುರದಲ್ಲಿ ಇಳಿದು, ಡಯಾಲಿಸಿಸ್ ಮಿಷನ್ನಿನ ಪಕ್ಕ ನಾಲ್ಕು ಗಂಟೆ ಕೂರುತ್ತೇನೆ. ರಕ್ತ ಒಂದು ಕೊಳವೆಯಲ್ಲಿ ಹೊರಗೆ ಹೋಗಿ, ತೊಳೆಸಿಕೊಂಡು, ಇನ್ನೊಂದು ಕೊಳವೆಯಲ್ಲಿ ವಾಪಸ್ ಬರುತ್ತದೆ. ಆಮೇಲೆ ಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತೇನೆ.

ಮೊದಲ ದಿನ ಅಲ್ಲಿನ ಕಾಯುವ ಜಾಗದ ಸ್ಟೀಲ್ ಕುರ್ಚಿಯ ಮೇಲೆ ಕೂತಿದ್ದಾಗ ನನಗೆ ಅದ್ಭುತ ಕಾರ್ಯದ ಕಥೆ ಬೇಕಾಗಿರಲಿಲ್ಲ. ಅಂಥವು ಬೇಕಾದಷ್ಟು ಕೇಳಿದ್ದೆ. ನನ್ನ ಹಾಗೇ ಸೂಜಿ ಚುಚ್ಚಿಸಿಕೊಂಡು, ಭಾನುವಾರ ಇಸ್ತ್ರಿ ಮಾಡಿದ ಸೀರೆ ಉಟ್ಟು ಚರ್ಚಿಗೆ ಹೋಗುವ ಒಬ್ಬ ಹೆಂಗಸು ಬೇಕಾಗಿದ್ದಳು. ಸಿಗಲಿಲ್ಲ. ನಿಮಗೆ ಸಿಗಲಿ ಅಂತ ನಾನೇ ಬರೆಯಲು ಕೂತಿದ್ದೇನೆ.

ಶುರುವಾದದ್ದು ಚಪ್ಪಲಿಯಿಂದ. ಚರ್ಚಿನ ಸುಗ್ಗಿ ಹಬ್ಬಕ್ಕೆ ಬೆಳಿಗ್ಗೆಯಿಂದ ಅಡುಗೆಗೆ ನಿಂತಿದ್ದೆ. ಸಂಜೆ ನೋಡಿದರೆ ಚಪ್ಪಲಿಗೆ ಕಾಲು ಹೋಗುತ್ತಿಲ್ಲ. ನಿಂತೂ ನಿಂತೂ ಊದಿದೆ ಅಂದುಕೊಂಡೆ. ವಾರವಾದರೂ ಇಳಿಯಲಿಲ್ಲ. ಬೆಳಿಗ್ಗೆ ಎದ್ದರೆ ಮುಖ ಬನ್ನಿನ ಹಾಗೆ ಉಬ್ಬಿರುತ್ತಿತ್ತು. ಮಗಳು ರೂತ್ ಆಗ ಪಿಯುಸಿ ಓದುತ್ತಿದ್ದಳು. "ಅಮ್ಮಾ, ದಪ್ಪ ಆಗ್ತಿದ್ದೀಯ, ಬಿರಿಯಾನಿ ಕಮ್ಮಿ ಮಾಡು" ಅಂತ ರೇಗಿಸಿದಳು. ಆ ಮಾತು ನೆನೆಸಿಕೊಂಡು ಅವಳು ಆಮೇಲೆ ಎಷ್ಟು ಸಲ ಅತ್ತಳೋ. ಅಳಬೇಡ ಅಂತ ಇಲ್ಲಿ ಬರೆದೇ ಹೇಳುತ್ತಿದ್ದೇನೆ. ತಮಾಷೆ ಚೆನ್ನಾಗಿತ್ತು ಕಣೇ.

ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರ್ ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. "ಅಮ್ಮಾ, ಜೊತೇಲಿ ಯಾರ್ ಬಂದಿದ್ದಾರೆ?" ಅಂದಳು.

"ಕಾಯಿಲೆ ಯಾರಿಗಮ್ಮ?"

"ನಿಮಗೇ."

"ಹಾಗಾದ್ರೆ ನನಗೇ ಹೇಳು."

ಹೇಳಿದಳು. ಬಿಪಿ ಇತ್ತಂತೆ, ವರ್ಷಗಳಿಂದ, ಅದೇ ಕಿಡ್ನಿ ತಿಂದಿತ್ತಂತೆ. ನಾನು ನೋಡಿಸಿಯೇ ಇರಲಿಲ್ಲ. ಮನೆಯಲ್ಲಿ ಎಲ್ಲರ ಮಾತ್ರೆ ನೆನಪಿಡುವವಳು ತನಗೂ ಒಂದು ಮೈ ಇದೆ ಅನ್ನುವುದನ್ನು ಮರೆತಿದ್ದೆ.

ನಮ್ಮ ಯಜಮಾನರು ಜಯಪಾಲ್, ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮೇಲೆ ಕೆಲಸ. ಮಾತು ಕಡಿಮೆ. ಅವತ್ತು ಆಸ್ಪತ್ರೆಯಿಂದ ಹೊರಗೆ ಬಂದು ಸ್ಕೂಟರ್ ಮೇಲೆ ಕೂತರು, ನಾನು ಹಿಂದೆ ಕೂತೆ. ಕೀ ತಿರುಗಿಸಲೇ ಇಲ್ಲ. ನಿಂತ ಸ್ಕೂಟರಿನ ಮೇಲೆ ಹತ್ತು ನಿಮಿಷ ಇಬ್ಬರೂ ಹಾಗೇ ಕೂತಿದ್ದೆವು. ಪಾರ್ಕಿಂಗ್ ನೋಡಿಕೊಳ್ಳುವವನು ಬಂದು "ಏನ್ ಸಾರ್, ಸ್ಟಾರ್ಟ್ ಆಗ್ತಿಲ್ವಾ?" ಅಂದ. "ಆಗುತ್ತೆ, ಆಗುತ್ತೆ" ಅಂದರು. ಮಾರನೇ ದಿನ ನನಗೂ ಹೇಳದೆ ಡಾಕ್ಟರ ಮುಂದೆ ಹೋಗಿ, ನನ್ನ ಕಿಡ್ನಿ ತಗೊಳ್ಳಿ ಅಂತ ನಿಂತಿದ್ದರಂತೆ. ಅವರಿಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲ ಅಂದರು. ಕಿಡ್ನಿಗಾಗಿ ಕಾಯುವವರ ಪಟ್ಟಿಯಲ್ಲಿ ನನ್ನ ಹೆಸರಿದೆ. ಇದೆ, ಅಷ್ಟೆ.

ಇನ್ನು ನನ್ನ ಅತ್ತಿಗೆ ಎಸ್ತರಕ್ಕ. ನಮ್ಮ ಯಜಮಾನರ ಸ್ವಂತ ಅಕ್ಕ, ಚರ್ಚಿನ ಸ್ತ್ರೀಯರ ಕೂಟದ ಕಾರ್ಯದರ್ಶಿ, ರೂತ್ ಹುಟ್ಟಿದಾಗ ನನಗೆ ಬಾಣಂತನ ಮಾಡಿದವರು. ಅವರ ಪ್ರೀತಿಯ ಬಗ್ಗೆ ಯಾರಾದರೂ ಒಂದು ಮಾತು ಆಡಿದರೆ ನಾನು ಸುಮ್ಮನಿರುವವಳಲ್ಲ. ಆದರೆ ಅದು ಜೆಸಿಬಿ ಇದ್ದ ಹಾಗೆ. ಎದುರಿಗೆ ಗೋಡೆ ಇದೆಯೋ ಮನುಷ್ಯರಿದ್ದಾರೋ ನೋಡುವುದಿಲ್ಲ. ನನಗೆ ಕಾಯಿಲೆ ಬರುವುದಕ್ಕೆ ಎರಡು ವರ್ಷ ಮುಂಚೆ ಅವರ ಮಂಡಿ ನೋವು ಪ್ರಾರ್ಥನೆಯಿಂದ ವಾಸಿಯಾಯಿತು ಅಂತ ಸಭೆಯ ಮುಂದೆ ಸಾಕ್ಷಿ ಹೇಳಿದ್ದರು. ಆಮೇಲೆ ಹೋದ ಕೂಟದಲ್ಲೆಲ್ಲ ಆ ಮಂಡಿಯ ಕಥೆ.

"ಪ್ರೇಮಾ, ನೀನು ಬಾಯಲ್ಲಿ ಕಾಯಿಲೆ ಅನ್ನಲೇಬೇಡ. ಗುಣವಾಗಿದೆ ಅನ್ನು."

"ಅಕ್ಕಾ, ಮಿಷನ್ ಹಾಕಿಸ್ಕೊಂಡು ಬಂದು ಗುಣವಾಗಿದೆ ಅಂದ್ರೆ ಸುಳ್ಳಾಗಲ್ವಾ?"

"ಸುಳ್ಳಲ್ಲ ಕಣೇ. ವಿಶ್ವಾಸ."

ವಿಶ್ವಾಸ ನನಗೂ ಇತ್ತು. ಆದರೆ ನನ್ನ ದಿನ ಹೋಗುತ್ತಿದ್ದದ್ದು ನೀರಿನಲ್ಲಿ. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ಹಾಗಾಗಿ ಇಡೀ ದಿನಕ್ಕೆ ಒಂದು ಬಾಟಲಿ, ಕಾಫಿ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ. ಚರ್ಚಿನಲ್ಲಿ ಕರ್ತನ ಭೋಜನದ ದಿನ ಕೊಡುವ ಪುಟ್ಟ ಲೋಟದ ದ್ರಾಕ್ಷಾರಸವೂ ಅದರಲ್ಲೇ ಬರಬೇಕು. ದೊಡ್ಡ ಲೋಟದಲ್ಲಿ ಕುಡಿದರೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಒಂದು ದಿನ ರೂತ್ ಅಟ್ಟದ ಮೇಲಿನ ಡಬ್ಬಿಯಿಂದ ತಾನು ಮಗುವಾಗಿದ್ದಾಗ ಹಾಲು ಕುಡಿಯುತ್ತಿದ್ದ ಒಳಲೆ ಹುಡುಕಿ ತೆಗೆದಳು, ಸ್ಟೀಲಿನದು, ಮೂತಿ ಚೂಪು. "ಇನ್ಮೇಲೆ ಇದ್ರಲ್ಲಿ ಕುಡಿ. ನಾನೇ ಕುಡಿಸ್ತೀನಿ ಬೇಕಾದ್ರೆ" ಅಂದಳು. ಅಂದಿನಿಂದ ಒಳಲೆಯಲ್ಲೇ ಕುಡಿಯುತ್ತೇನೆ. ಒಮ್ಮೆ ತುಂಬಿಸಿದರೆ ಎಂಟು ಗುಟುಕು ಬರುತ್ತದೆ. ನಾನು ಎಣಿಸಿದ ಮೊದಲ ಕೃಪೆ ಅದು.

ತರಕಾರಿಯನ್ನು ಹೆಚ್ಚಿ, ನೆನೆಸಿ, ಬೇಯಿಸಿ, ಬಸಿದು, ಆ ನೀರು ಚೆಲ್ಲಿ ಆಮೇಲೆ ಪಲ್ಯ ಮಾಡಬೇಕು. ಅದರಲ್ಲಿರುವ ಪೊಟ್ಯಾಸಿಯಂ ನಮ್ಮಂಥವರ ಎದೆಗೆ ಆಗದು. ಬಾಳೆಹಣ್ಣು, ಹಣ್ಣಿನ ರಸ, ಮುಖ್ಯವಾಗಿ ಎಳನೀರು ಮುಟ್ಟುವಂತಿಲ್ಲ. ಕಾಯಿಲೆಯವರನ್ನು ನೋಡಲು ಬರುವವರೆಲ್ಲ ಎಳನೀರನ್ನೇ ತರುತ್ತಾರೆ. ಅದು ಹೇಗೆ ಅಪಾಯ ಅಂತ ಒಬ್ಬೊಬ್ಬರಿಗೂ ಹೇಳಿ ನನ್ನ ಗಂಟಲು ಒಣಗುತ್ತಿತ್ತು, ಒಣಗಿದ ಗಂಟಲಿಗೆ ನೀರಿಲ್ಲ.

ಮಿಷನ್ ಶುರುವಾಗಿ ಏಳೆಂಟು ತಿಂಗಳಾಗಿತ್ತು. ಎಸ್ತರಕ್ಕ ಮನೆಗೆ ಬಂದು, ನಿಂತುಕೊಂಡೇ ಹೇಳಿದರು: "ನಿನಗೆ ಗುಣವಾಗಿದ್ದಕ್ಕೆ ಸ್ತೋತ್ರ ಕೂಟ ಇಟ್ಟಿದ್ದೀನಿ. ಎರಡನೇ ಶನಿವಾರ. ಶಾಮಿಯಾನಾ ಹೇಳಿ ಆಯ್ತು."

"ಗುಣ ಎಲ್ಲಿ ಆಯ್ತಕ್ಕಾ?"

"ಆದಮೇಲೆ ಸ್ತೋತ್ರ ಯಾರ್ ಬೇಕಾದ್ರೂ ಹೇಳ್ತಾರೆ. ಮುಂಚೆ ಹೇಳೋದೇ ವಿಶ್ವಾಸ."

ಎರಡನೇ ಶನಿವಾರ ಎಲ್ಲರಿಗೂ ರಜೆ. ನನಗೆ ಮಿಷನ್ ದಿನ. ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಡಯಾಲಿಸಿಸ್‌ಗೆ ಫೋನ್ ಮಾಡಿ, ಸೋಮವಾರ ಬರುತ್ತೇನೆ ಅಂದೆ. ಅಲ್ಲಿನ ಸಿಸ್ಟರ್ "ಬೇಡಮ್ಮ, ತಪ್ಪಿಸ್ಬೇಡಿ" ಅಂತ ಎರಡು ಸಲ ಹೇಳಿದರು. ಗುಣವಾದದ್ದಕ್ಕೆ ನಡೆಯುವ ಸ್ತೋತ್ರ ಕೂಟಕ್ಕೆ, ನನ್ನನ್ನು ಬದುಕಿಸಿದ್ದ ಮಿಷನ್ ತಪ್ಪಿಸಿದೆ. ಇಂಥ ತಪ್ಪು ಮಾಡಲು ನಮ್ಮಂಥ ವಿಶ್ವಾಸಿಗಳೇ ಬೇಕು.

ಬೀದಿಗೆ ಅಡ್ಡಲಾಗಿ ಶಾಮಿಯಾನಾ, ಬಾಡಿಗೆ ಕುರ್ಚಿ, ಅಕ್ಕಪಕ್ಕದ ಮನೆಯವರೆಲ್ಲ ಬಂದಿದ್ದರು. ಹೊರಗಿನಿಂದ ಒಬ್ಬರು ಬೋಧಕರು ಬಂದು ಗಟ್ಟಿಯಾಗಿ ಪ್ರಾರ್ಥನೆ ಮಾಡಿದರು. ಎಸ್ತರಕ್ಕ ನನಗೆ ಶಾಲು ಹೊದಿಸಿ ಮೈಕು ಕೈಗೆ ಕೊಟ್ಟರು. ಎದುರಿಗೆ ಅಷ್ಟು ಮುಖಗಳು, ಎಲ್ಲವೂ ನನ್ನ ಬಾಯಿಂದ ಅದನ್ನೇ ಕೇಳಲು ಕಾದಿದ್ದವು. "ದೇವರು ನನ್ನನ್ನು ಗುಣಪಡಿಸಿದ್ದಾರೆ" ಅಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ನಮ್ಮ ಯಜಮಾನರು ಮಾತ್ರ ನೆಲ ನೋಡುತ್ತಿದ್ದರು.

ಆಮೇಲೆ ಎಳನೀರು. ಯಾರೋ ಒಬ್ಬರು ಪ್ರೀತಿಯಿಂದ ಸ್ಟ್ರಾ ಹಾಕಿ ಕೊಟ್ಟರು. ಗುಣವಾದವಳಿಗೆ ಎಳನೀರು ಬೇಡ ಅನ್ನಲು ಏನು ಕಾರಣ ಇರುತ್ತದೆ? ಯಾರೂ ನನ್ನ ಕೈಕಾಲು ಕಟ್ಟಿ ಕುಡಿಸಲಿಲ್ಲ, ಒಪ್ಪಿಕೊಳ್ಳುತ್ತೇನೆ. ತಿಂಗಳುಗಟ್ಟಲೆ ಗುಟುಕು ಎಣಿಸಿದವಳು ಒಂದೇ ಉಸಿರಿಗೆ ಕುಡಿದೆ. ಅಷ್ಟು ಸಿಹಿ ಯಾವುದೂ ಇರಲಿಲ್ಲ. ಆಮೇಲೆ ಮೂಸಂಬಿ ಜ್ಯೂಸ್, ಬಿರಿಯಾನಿ, ಬಾಳೆಹಣ್ಣು.

ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಡಲು ಸೀರೆ ನೆರಿಗೆ ಹಿಡಿದು ನಿಂತಿದ್ದೆ. ಕಾಲು ಬಟ್ಟೆಯ ಹಾಗೆ ಕುಸಿಯಿತು. ಉಸಿರು ಎಳೆದುಕೊಳ್ಳಲು ಹೋದರೆ ಎದೆಯೊಳಗೆ ಜಾಗವೇ ಇಲ್ಲ. ರೂತ್ "ಅಪ್ಪಾ!" ಅಂತ ಕೂಗಿದ್ದು ಎಲ್ಲೋ ಬಾವಿಯ ಆಳದಿಂದ ಕೇಳಿದ ಹಾಗೆ. ಆಟೋದಲ್ಲಿ ಅವಳ ತೊಡೆಯ ಮೇಲೆ ನನ್ನ ತಲೆ. ಸಾಯುವ ಭಯಕ್ಕಿಂತ ದೊಡ್ಡದಾಗಿ ಇನ್ನೊಂದು ಭಯ ಹಿಡಿದಿತ್ತು: ದೇವರ ಹೆಸರು ಹಿಡಿದು ನಾನು ಆಡಿದ ಕೊನೆಯ ಮಾತು ಸುಳ್ಳಾಗಿಬಿಡುತ್ತದಲ್ಲಾ.

ಹೋದ ತಕ್ಷಣ ಮಿಷನ್‌ಗೆ ಹಾಕಿದರು. ಉಳಿದೆ. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಅಂತ ಡಾಕ್ಟರ್ ಹೇಳಲು ಹೊರಟು, ರೂತ್ ಮುಖ ನೋಡಿ ನಿಲ್ಲಿಸಿದರು. ಆ ನಿಲ್ಲಿಸಿದ್ದೂ ನನ್ನ ಎಣಿಕೆಯಲ್ಲಿದೆ.

ಸಂಜೆ ಎಸ್ತರಕ್ಕ ವಾರ್ಡಿಗೆ ಬಂದರು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಹಣೆ ಸವರಿ, ಪ್ರಾರ್ಥನೆ ಮಾಡಿ, ಆಮೇಲೆ ಮೆಲ್ಲಗೆ ಅಂದರು: "ನಿನ್ನ ಮನಸ್ಸಲ್ಲಿ ಎಲ್ಲೋ ಒಂಚೂರು ಸಂಶಯ ಇತ್ತು ಪ್ರೇಮಾ."

"ಸಂಶಯ ಇರ್ಲಿಲ್ಲಕ್ಕಾ. ಪೊಟ್ಯಾಸಿಯಂ ಇತ್ತು."

ನಮ್ಮ ಯಜಮಾನರು ಗೋಡೆಗೆ ತಿರುಗಿಕೊಂಡರು. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು. ಎಷ್ಟೋ ತಿಂಗಳಾದ ಮೇಲೆ ನಕ್ಕರು. ಎಸ್ತರಕ್ಕ ಬ್ಯಾಗ್ ಎತ್ತಿಕೊಂಡು ಹೊರಟೇಹೋದರು.

ಮಂಗಳವಾರ ಮತ್ತೆ ನನ್ನ ಮಾಮೂಲಿ ಕುರ್ಚಿ. ಪಕ್ಕದ ಕುರ್ಚಿಯಲ್ಲಿ ಯಾವಾಗಲೂ ನೀಲಮ್ಮ ಇರುತ್ತಾರೆ. ಬಾಗಲಕೋಟೆ ಕಡೆಯವರು, ಮಗನ ಕೆಲಸ ಇಲ್ಲಿ ಅಂತ ಚಿಕ್ಕಬಾಣಾವರದಲ್ಲಿ ಬಂದು ನೆಲೆಸಿದ್ದಾರೆ. ಹಣೆ ತುಂಬ ವಿಭೂತಿ.

"ಶನಿವಾರ ಎಲ್ಲಿ ಹೋಗಿದ್ರೀ ಪ್ರೇಮಕ್ಕಾರ? ನಾ ಎದಿ ಒಡಕೊಂಡ್ ಕುಂತಿದ್ನಿ."

"ನನಗೆ ಗುಣವಾಯ್ತು ಅಂತ ಮನೇಲಿ ಕೂಟ ಇತ್ತು ನೀಲಮ್ಮ."

ಒಂದು ಕ್ಷಣ ನನ್ನ ಕೈಯ ಸೂಜಿಗಳನ್ನೂ ಮುಖವನ್ನೂ ನೋಡಿದರು. ಆಮೇಲೆ ನಗಲು ಶುರು ಮಾಡಿದರು ನೋಡಿ, ಕೈ ಅಲ್ಲಾಡಿ ಅವರ ಮಿಷನ್ ಕೀ ಕೀ ಅಂತ ಕೂಗಿಕೊಂಡಿತು. ಸಿಸ್ಟರ್ ಓಡಿ ಬಂದು ಬೈದರು. "ಅಯ್ಯ ನಿಮ್ಮ! ಬ್ಯಾನಿ ವಾಸಿ ಆಗೋಕಿಂತ ಮದ್ಲ ಊಟಾ ಹಾಕ್ಸಿದ್ರೇನ್ರೀ?" ಅಂತ ಮತ್ತೆ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ನಗು ಮುಗಿದ ಮೇಲೆ ಬಾಯಿ ಒಣಗಿತು, ಇಬ್ಬರಿಗೂ. ನೀಲಮ್ಮ ತುಟಿ ಸವರಿಕೊಂಡು ಕೇಳಿದರು, ವಾದಕ್ಕಲ್ಲ, ನಿಜವಾಗಿ ತಿಳಿದುಕೊಳ್ಳಲು: "ಅಲ್ರೀ, ನಿಮ್ಮ ದೇವ್ರಿಗೆ ನೀರಡಿಕಿ ಅಂದ್ರ ಏನಂತ ಗೊತ್ತೈತೇನ್ರಿ?"

ಹುಟ್ಟಿದಾಗಿನಿಂದ ಶುಭ ಶುಕ್ರವಾರದ ಆರಾಧನೆಗೆ ಹೋಗಿದ್ದೇನೆ. ಮೂರು ಗಂಟೆ ಶಿಲುಬೆಯ ಮಾತುಗಳನ್ನು ಕೇಳಿದ್ದೇನೆ. ಅದರಲ್ಲಿ ನನ್ನ ಯೇಸು ಬಾಯಾರಿಕೆ ಅಂದದ್ದನ್ನು ಎಷ್ಟು ಸಲ ಕೇಳಿಲ್ಲ? ಆ ಹೊತ್ತಿಗೆ ಯಾವಾಗಲೂ ನನ್ನ ಯೋಚನೆ ಮನೆಗೆ ಹೋಗಿ ಮಾಡಬೇಕಾದ ಗಂಜಿಯ ಮೇಲೆ ಇರುತ್ತಿತ್ತು.

"ಗೊತ್ತು ನೀಲಮ್ಮ" ಅಂದೆ. "ಶಿಲುಬೆ ಮೇಲೆ ಅವರಿಗೂ ಬಾಯಾರಿತ್ತು. ನೀರು ಕೇಳಿದ್ರು."

"ಕೊಟ್ರೇನ್ರೀ?"

"ಹುಳಿ ದ್ರಾಕ್ಷಾರಸ ಕೊಟ್ರು."

"ಅಯ್ಯ ಪಾಪ" ಅಂದರು ನೀಲಮ್ಮ, ಪಕ್ಕದ ಮನೆಯ ಹುಡುಗನಿಗೆ ಏನೋ ಆಯಿತು ಅನ್ನುವ ಹಾಗೆ.

ನನಗೆ ಸಮಾಧಾನ ಸಿಕ್ಕಿದ್ದು ಅಲ್ಲಿ, ಆ ಕುರ್ಚಿಯಲ್ಲಿ, ಎರಡು ಸೂಜಿಗಳ ಜೊತೆ. ಕಿಡ್ನಿ ಹಾಗೇ ಇತ್ತು. ನಾಳೆ ಏನಾಗುತ್ತದೋ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಆದರೆ ಬಾಯಾರಿಕೆ ಗೊತ್ತಿರುವ ದೇವರ ಮುಂದೆ ಬಾಯಾರಿಲ್ಲ ಅಂತ ನಾಟಕ ಆಡಿದೆನಲ್ಲಾ ಅನ್ನಿಸಿತು. ಅದನ್ನು ಸರಿ ಮಾಡದೆ ಬಿಡುವುದಿಲ್ಲ ಅಂತ ಅಲ್ಲೇ ತೀರ್ಮಾನಿಸಿದೆ.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ಹುಟ್ಟುಹಬ್ಬ, ಮದುವೆ ದಿನ, ಮಗನಿಗೆ ಕೆಲಸ, ಕಾಯಿಲೆ ವಾಸಿ, ಏನೇ ಒಳ್ಳೆಯದಾದರೂ ಒಂದು ಬಿಳಿ ಕವರಿನಲ್ಲಿ ಸ್ತೋತ್ರ ಕಾಣಿಕೆ, ಅಂದರೆ ದೇವರಿಗೆ ಕೃತಜ್ಞತೆಯ ದುಡ್ಡು, ಇಟ್ಟು, ಮೇಲೆ ಹೆಸರೂ ಕಾರಣವೂ ಬರೆದು ಕೊಡುತ್ತೇವೆ. ಭಾನುವಾರದ ಆರಾಧನೆಯಲ್ಲಿ ಅಯ್ಯನವರು, ಅಂದರೆ ನಮ್ಮ ಪಾಸ್ಟರು, ಒಂದೊಂದೇ ಕವರ್ ಎತ್ತಿ ಗಟ್ಟಿಯಾಗಿ ಓದುತ್ತಾರೆ. ಪ್ರತಿ ಕವರಿಗೂ ಸಭೆ "ಆಮೆನ್" ಅನ್ನುತ್ತದೆ. ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಆ ಕವರುಗಳನ್ನು ತೆಗೆದುಕೊಳ್ಳುವವರು ಎಸ್ತರಕ್ಕ.

ಮುಂದಿನ ಭಾನುವಾರ ನನ್ನ ಕವರ್ ಕೊಟ್ಟೆ. ಓದಿಕೊಂಡರು. ಮುಖ ಬಿಗಿಯಾಯಿತು. ವಾಪಸ್ ನನ್ನ ಕಡೆ ತಳ್ಳಿದರು.

"ಇದನ್ನ ತಗೊಳಕ್ಕಾಗಲ್ಲ. ಆಗದೇ ಇರೋದಕ್ಕೆಲ್ಲ ಯಾರಾದ್ರೂ ಕವರ್ ಕೊಡ್ತಾರಾ?"

"ನಾನು ಕೊಡ್ತೀನಿ."

"ನಾಲ್ಕು ಜನ ಏನಂತಾರೆ? ಬೀದಿಯವರನ್ನೆಲ್ಲ ಕರೆದು ಕೂಟ ಮಾಡಿದ್ದು ನಾನು. ದೇವರ ಹೆಸರು ಹಾಳು ಮಾಡ್ತೀಯಾ?"

"ದೇವರ ಹೆಸರು ಗಟ್ಟಿಯಾಗೇ ಇದೆಯಕ್ಕಾ. ನಾನು ಹಾಳು ಮಾಡಿದ್ದು ನನ್ನ ಬಾಯಿ. ಅದನ್ನ ತೊಳ್ಕೊಳ್ಳೋಕೆ ಬಂದಿದ್ದೀನಿ."

ಅವರು ಕವರ್ ಮುಟ್ಟಲಿಲ್ಲ. ಹಿಂದೆ ಜನ ನಿಂತಿದ್ದರು. ಅವತ್ತು ಕವರ್ ತೆಗೆದುಕೊಂಡು ಸುಮ್ಮನೆ ಹೋಗಿ ಕೂತೆ. ಹಾಡು ಹೇಳಲಾಗಲಿಲ್ಲ.

ಅದರ ಮುಂದಿನ ಭಾನುವಾರ ಮೇಜಿನ ಹತ್ತಿರ ನಿಲ್ಲಲೇ ಇಲ್ಲ. ಕಾಣಿಕೆಯ ಹಾಡು ಶುರುವಾದಾಗ ಎದ್ದು, ಮಧ್ಯದ ದಾರಿಯಲ್ಲಿ ನಡೆದುಕೊಂಡು ಹೋಗಿ, ಅಯ್ಯನವರ ಮುಂದಿನ ತಟ್ಟೆಯಲ್ಲಿ ಎಲ್ಲ ಕವರುಗಳ ಮೇಲೆ ನನ್ನದನ್ನು ಇಟ್ಟು ಬಂದೆ. ಊದಿದ ಕಾಲಿಗೆ ಆ ದಾರಿ ತುಂಬ ಉದ್ದ.

ಅಯ್ಯನವರು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಕನ್ನಡಕ ತೆಗೆದು ಒರೆಸಿದರು. ಎಸ್ತರಕ್ಕನ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಕಣ್ಣು ಇಳಿಸಲಿಲ್ಲ. ಕೊನೆಗೆ ಮೈಕಿನ ಹತ್ತಿರ ಬಾಗಿ ಓದಿದರು:

"ಶ್ರೀಮತಿ ಪ್ರೇಮಾ ಜಯಪಾಲ್. ನಾನು ಗುಣವಾಗಿಲ್ಲ. ಕೂಟದಲ್ಲಿ ಗುಣವಾಗಿದೆ ಅಂದದ್ದು ಸುಳ್ಳು, ದೇವರೂ ಸಭೆಯೂ ಕ್ಷಮಿಸಬೇಕು. ಈ ವಾರ ಮೂರು ಸಲ ಮಿಷನ್ ಮೇಲೆ ಕೂತೆ. ಮೂರು ಸಲವೂ ಸೂಜಿ ಒಂದೇ ಏಟಿಗೆ ಸರಿಯಾಗಿ ಕೂತಿತು. ಬಾಯಾರಿಕೆ ತಿಳಿದಿರುವ ಕರ್ತನಿಗೆ ಸ್ತೋತ್ರ."

ಆಮೆನ್ ಬರಲಿಲ್ಲ. ಆಗ ಗಂಡಸರ ಸಾಲಿನಿಂದ, ಕೊನೆಯ ಬೆಂಚಿನಿಂದ, ಒಂದೇ ಒಂದು ದನಿ, ಅಷ್ಟು ಜೋರು ಬೇಕಾಗಿರಲಿಲ್ಲ: "ಆಮೆನ್!"

ನಮ್ಮ ಯಜಮಾನರು. ಮನೆಯಲ್ಲಿ ಉಪ್ಪು ಬೇಕಾದರೂ ಬಾಯಿಬಿಟ್ಟು ಕೇಳದವರು. ಆಮೇಲೆ ಅಲ್ಲೊಂದು ಇಲ್ಲೊಂದು ಆಮೆನ್ ಬಂತು. ಎಲ್ಲರೂ ಅನ್ನಲಿಲ್ಲ. ಇವತ್ತಿಗೂ ಕೆಲವರು ಅನ್ನುವುದಿಲ್ಲ. ಅನ್ನದಿದ್ದರೆ ಬೇಡ.

ಪ್ರತಿ ವಾರ ಕೊಡುತ್ತಲೇ ಬಂದೆ. "ನೀಲಮ್ಮನ ಮಿಷನ್ ನಡುವೆ ಕೆಟ್ಟರೂ ಅವರಿಗೆ ಏನೂ ಆಗಲಿಲ್ಲ, ಸ್ತೋತ್ರ." "ಮೆಟ್ರೋದಲ್ಲಿ ಒಬ್ಬ ಹುಡುಗಿ ಸೀಟು ಬಿಟ್ಟುಕೊಟ್ಟಳು, ಸ್ತೋತ್ರ." "ಕ್ರಿಸ್‌ಮಸ್‌ಗೆ ಕಲ್‌ಕಲ್ ಸಿಹಿ ಕರಿದೆ, ಎರಡೇ ತಿಂದೆ, ಸ್ತೋತ್ರ." ನೀಲಮ್ಮನಿಗೆ ತನ್ನ ಹೆಸರು ಚರ್ಚಿನಲ್ಲಿ ಮೈಕಿನಲ್ಲಿ ಬಂತು ಅಂತ ಕೇಳಿ ಎಷ್ಟು ಖುಷಿಯೋ, ನಮ್ಮ ಮಠದಾಗೂ ನಿಮ್ಮ ಹೆಸರು ಹೇಳಸ್ತೀನಿ ತಡೀರಿ ಅಂದಿದ್ದಾರೆ. ನಿಧಾನಕ್ಕೆ ಬೇರೆಯವರ ಕವರುಗಳೂ ಬದಲಾದವು. ಒಬ್ಬರು ಮಗನಿಗೆ ಈ ಸಲವೂ ಕೆಲಸ ಸಿಗಲಿಲ್ಲ, ಆದರೆ ಮನೆಯಲ್ಲಿ ಜಗಳವಾಗಲಿಲ್ಲ ಅಂತ ಬರೆದರು. ಕವರ್ ಓದಿ ಮುಗಿಸುವಷ್ಟರಲ್ಲಿ ಪ್ರಸಂಗ ಬೋಧಿಸಲು ಹೊತ್ತೇ ಉಳಿಯುವುದಿಲ್ಲ ಅಂತ ಅಯ್ಯನವರ ದೂರು. ಅದಕ್ಕೂ ಎಷ್ಟೋ ಜನ ಒಳಗೊಳಗೇ ಸ್ತೋತ್ರ ಹೇಳಿದ್ದಾರೆ.

ಎಸ್ತರಕ್ಕ ಮಾತ್ರ ನನ್ನ ಜೊತೆ ಲೆಕ್ಕವಿಟ್ಟ ಹಾಗೆ ಮಾತಾಡುತ್ತಿದ್ದರು. ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ, ಅಷ್ಟೆ. ಸುಮಾರು ಎರಡು ವರ್ಷ.

ಹೋದ ತಿಂಗಳು ಒಂದು ಭಾನುವಾರ ಬೇಗ ಹೋಗಿದ್ದೆ. ಚರ್ಚಿನ ಮೆಟ್ಟಿಲ ಹತ್ತಿರ ಇನ್ನೂ ಯಾರೂ ಇರಲಿಲ್ಲ, ಎಸ್ತರಕ್ಕ ಒಬ್ಬರೇ. ಕಂಬಿ ಹಿಡಿದು, ಒಂದು ಮೆಟ್ಟಿಲು ಹತ್ತಿ, ಎರಡೂ ಕಾಲನ್ನು ಒಟ್ಟಿಗೆ ಇಟ್ಟು, ನಿಂತು, ಉಸಿರುಬಿಟ್ಟು, ಇನ್ನೊಂದು ಮೆಟ್ಟಿಲು. ಹಿಂದೆ ನಾನು ನಿಂತಿರುವುದು ಗೊತ್ತಾಗಿ ತಿರುಗಿದರು. ಹತ್ತಿರ ಹೋಗಿ ಕೈ ಕೊಟ್ಟೆ. ಎಡಗೈಗೆ ಕೈ ಹಾಕಲು ಬಂದವರು ಅಲ್ಲಿ ಸೂಜಿಯ ಗುರುತುಗಳನ್ನು ಕಂಡು, ಬಲಗೈ ಹಿಡಿದುಕೊಂಡರು.

ಮೇಲೆ ಹೋಗಿ ಮೇಜಿನ ಹಿಂದೆ ಕೂತು, ಡ್ರಾಯರಿನಿಂದ ಒಂದು ಖಾಲಿ ಕವರ್ ತೆಗೆದು ನನ್ನ ಮುಂದೆ ಇಟ್ಟರು. ಪೆನ್ನೂ ಇಟ್ಟರು.

"ನೀನೇ ಬರಿ. ನನಗೆ ಈ ಥರ ಬರೆಯೋಕೆ ಬರಲ್ಲ."

"ಏನಂತ ಬರೀಲಿ ಅಕ್ಕಾ?"

ಬಾಗಿಲ ಕಡೆ ನೋಡಿದರು. ಜನ ಬರಲು ಶುರು ಮಾಡಿದ್ದರು.

"ಮಂಡಿ ನೋಯ್ತಾನೇ ಇದೆ ಅಂತ. ಯಾವತ್ತೂ ನಿಂತೇ ಇರ್ಲಿಲ್ಲ ಅಂತ." ಆಮೇಲೆ ತಮ್ಮ ಹಳೆಯ ಜೋರಿನಲ್ಲೇ ಅಂದರು: "ಹೆಸರು ದಪ್ಪ ಅಕ್ಷರದಲ್ಲಿ ಬರಿ. ಅಯ್ಯನೋರಿಗೆ ಕಣ್ ಕಾಣಲ್ಲ."